ಹುಟ್ಟುವ ಮುಂಚಿನ ಕುಲಾವಿ

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯಬಾರದು. ಹತ್ತರಗಿಯ ಲಕ್ಕವ್ವನ ಬಾಯಲ್ಲಿ ಸದಾ ಇದೇ ಮಾತು. ಚೊಚ್ಚಲ ಬಸುರಿನಲ್ಲಿ ಆಸೆ ತಡೆಯಲಾರದೆ ಆಕೆ ಹಸಿರು ಖಣದ್ದೊಂದು ಕುಲಾವಿ ಹೊಲಿದಿದ್ದಳು. ಆ ಕೂಸು ಮೂರನೇ ತಿಂಗಳಲ್ಲಿ ನೆಗಡಿಯಾಗಿ, ಉಸಿರು ಸಿಗದೆ, ಆಕೆಯ ಮಡಿಲಲ್ಲೇ ಹೋಯಿತು. ನನ್ನ ಕೈಯೇ ಮಗನನ್ನು ತಿಂದಿತು ಎಂದು ಅಂದೇ ತೀರ್ಮಾನಿಸಿಬಿಟ್ಟಳು ಪುಣ್ಯಾತ್ಗಿತ್ತಿ. ಯಾರ ಮಾತನ್ನೂ ಕೇಳುವ ಹೆಂಗಸಲ್ಲ ಬಿಡಿ.

ಈಗ ಮಗಳು ಶೋಭಾ ಎಂಟನೇ ತಿಂಗಳಲ್ಲಿ ತವರಿಗೆ ಬಂದಿದ್ದಳು. ಹುಕ್ಕೇರಿಯ ಡಾಕ್ಟರಬಾಯಿ ತಿಳಿಸಿ ಹೇಳಿದರು: "ಆರ್‌ಎಸ್‌ವಿ ಅಂತ ವೈರಸ್ ಐತ್ರಿ. ದೊಡ್ಡವರಿಗೆ ಬರೇ ನೆಗಡಿ, ಎಳೀ ಕೂಸಿಗೆ ಎದಿ ಕಟ್ಟತೈತಿ. ಈಗ ತಾಯಿಗೆ ಲಸಿಕಿ ಹಾಕಿದ್ರ ಹೊಟ್ಯಾಗಿನ ಕೂಸಿಗೂ ಅದರ ಬಲ ಹೋಗ್ತೈತಿ. ಆದ್ರ ಹೆರಿಗಿಗೆ ಎರಡು ವಾರ ಮೊದಲರೆ ಹಾಕಬೇಕ್ರಿ."

"ಇನ್ನೂ ಹುಟ್ಟಲಾರದ ಕೂಸಿಗೆ ಔಷಧ ಏನ್ರಿ ಬಾಯಾರ? ಬ್ಯಾಡ್ರಿ!" ಎಂದು ಲಕ್ಕವ್ವ ಮಗಳ ಕೈಹಿಡಿದು ಎಬ್ಬಿಸಿಕೊಂಡು ಬಂದಳು. ಶೋಭಾ ದಾರಿಯುದ್ದಕ್ಕೂ ಮುಖ ಊದಿಸಿಕೊಂಡಿದ್ದಳು.

ಮರುವಾರ ಗೋಕಾಕದಿಂದ ಫೋನು ಬಂತು. ತಂಗಿಯ ಮಗಳು ಕಸ್ತೂರಿಯ ಎಳೆಗೂಸು ಆಸ್ಪತ್ರೆ ಸೇರಿತ್ತು. ಲಕ್ಕವ್ವ ಓಡಿದಳು. ಕೂಸಿನ ಮೂಗಿಗೆ ಆಕ್ಸಿಜನ್ ನಳಿಕೆ ಹಾಕಿದ್ದರು. ಉಸಿರೆಳೆದಾಗಲೆಲ್ಲ ಪಕ್ಕೆಲುಬಿನ ಕೆಳಗೆ ಕುಳಿ ಬೀಳುತ್ತಿತ್ತು. ಅಯ್ಯೋ ಶಿವನೇ, ಅದೇ ಕುಳಿ! ತನ್ನ ಮಗನ ಎದೆಯಲ್ಲಿ ಕಂಡಿದ್ದು ಇದನ್ನೇ.

"ಕಸ್ತೂರಿ, ಖರೆ ಹೇಳ. ಹುಟ್ಟೂ ಮೊದ್ಲ ಕುಲಾವಿ ಹೊಲಿದಿದ್ದೇನ?"

"ಇಲ್ಲ ದೊಡ್ಡವ್ವಾ! ನಿನ್ನ ಮಾತಿಗೆ ಅಂಜಿ ಒಂದು ಚಿಂದಿ ಸೈತ ಮುಟ್ಟಿಲ್ಲ. ಇದೇನೋ ಆರ್‌ಎಸ್‌ವಿ ಅಂತ."

ಲಕ್ಕವ್ವ ಮತ್ತೊಮ್ಮೆ ಕೂಸಿನ ಎದೆ ನೋಡಿದಳು. ಹಾಗಾದರೆ ಆ ಕುಲಾವಿ ಏನೂ ಮಾಡಿರಲಿಲ್ಲ. ಇಷ್ಟು ವರ್ಷ ಸುಮ್ಮನೆ ತನ್ನನ್ನೇ ಶಪಿಸಿಕೊಂಡಿದ್ದಳು. ಅಳು ಬಂತು, ಹಿಂದೆಯೇ ಹೆದರಿಕೆ ಬಂತು. ಶೋಭಾಗೆ ಎಂಟು ತಿಂಗಳು ಮುಗಿಯುತ್ತ ಬಂದಿತ್ತು.

ಮರುದಿನವೇ ಮಗಳನ್ನು ಹುಕ್ಕೇರಿಗೆ ಕರೆದೊಯ್ದಳು. "ತಡ ಆತೇನ್ರಿ ಬಾಯಾರ?"

"ಇನ್ನೂ ಹಾಕಬಹುದ್ರಿ. ಆದ್ರ ಎರಡು ವಾರ ಕೂಸು ಒಳಗ ಇರಬೇಕು. ಅದು ನನ್ನ ಕೈಯಾಗಿಲ್ಲ."

ಶೋಭಾಳ ತೋಳಿಗೆ ಲಸಿಕೆ ಬಿತ್ತು. ಆಮೇಲೆ ಶುರುವಾಯಿತು ನೋಡಿ ಲಕ್ಕವ್ವನ ಸಂಕಟ. ಮಗಳು ಸೊಂಟ ಹಿಡಿದರೆ ಸಾಕು, ಇವಳ ಜೀವ ಬಾಯಿಗೆ ಬರುತ್ತಿತ್ತು. ಎರಡು ವಾರ ತುಂಬುವ ಮೊದಲೇ ಒಂದು ಸಂಜೆ ನೋವು ಬಂದೇಬಿಟ್ಟಿತು. ಹುಕ್ಕೇರಿಗೆ ಓಡುವ ಗಾಡಿಯಲ್ಲಿ ಲಕ್ಕವ್ವ ಮಗಳ ಹೊಟ್ಟೆಯ ಮೇಲೆ ಕೈಯಿಟ್ಟು ಅಂಗಲಾಚಿದಳು: "ಅವಸರ ಮಾಡಬ್ಯಾಡೋ ನಮ್ಮಪ್ಪಾ. ತಡಾ ಮಾಡಿದಾಕಿ ನಾನು, ದಂಡ ನೀ ಕಟ್ಟಬ್ಯಾಡ."

"ಸುಳ್ಳು ನೋವ್ರಿ, ಮನೀಗೆ ಕರಕೊಂಡು ಹೋಗ್ರಿ" ಎಂದರು ಡಾಕ್ಟರಬಾಯಿ.

ಕೂಸು ಅಜ್ಜಿಯ ಮಾತು ಕೇಳಿತು. ದಿನ ತುಂಬಿಸಿಕೊಂಡೇ ಹುಟ್ಟಿತು. ಕಸ್ತೂರಿಯ ಕೂಸೂ ದೇವರ ದಯದಿಂದ ಬದುಕಿ ಮನೆಗೆ ಬಂತು.

ಮೂರನೇ ತಿಂಗಳಲ್ಲಿ ಮೊಮ್ಮಗಳಿಗೆ ನೆಗಡಿಯಾಯಿತು. ಲಕ್ಕವ್ವ ಊಟ ಬಿಟ್ಟು, ಅಂಗಿ ಎತ್ತಿ ಎತ್ತಿ ಕೂಸಿನ ಎದೆ ನೋಡುತ್ತ ಕುಳಿತಳು. ಕೂಸು ಸೀನಿತು, ಮೊಲೆ ಕುಡಿಯಿತು, ಮಲಗಿತು. ಕುಳಿ ಬೀಳಲಿಲ್ಲ. ನೆಗಡಿ ಇಳಿದ ದಿನ ಲಕ್ಕವ್ವ ಟ್ರಂಕಿನಿಂದ ಹಸಿರು ಖಣದ ಹೊಸ ಕುಲಾವಿ ತೆಗೆದಳು.

"ಯವ್ವಾ, ಇದನ್ನ ಯಾವಾಗ ಹೊಲಿದಿ?" ಎಂದಳು ಶೋಭಾ.

"ನಿನಗ ಸುಳ್ಳು ನೋವು ಬಂದ ಮರುದಿನ. ಹುಟ್ಟೂ ಮೊದ್ಲ" ಎನ್ನುತ್ತ ಲಕ್ಕವ್ವ ಕೂಸಿನ ಗಲ್ಲದ ಕೆಳಗೆ ದಾರ ಕಟ್ಟಿದಳು.