ಎರಡನೆಯ ಬ್ರೇಕು

"ನೀನೇನೂ ಯೋಚನೆ ಮಾಡ್ಬೇಡ. ಮಗೂಗೆ ಪೂರ್ತಿ ಪ್ರಾಕ್ಟೀಸ್ ಆಗಿದೆ. ಗಾಡಿ ಹೊರಟು ಸ್ಪೀಡ್ ಹಿಡೀಲಿ, ಹೇಗೆ ನಿದ್ದೆ ಹೊಡೆಯುತ್ತೆ ನೋಡ್ತಿರು," ಎಂದರು ನಮ್ಮವರು, ಸೂಟ್‌ಕೇಸನ್ನು ಕಾಲಿನಿಂದ ಸೀಟಿನಡಿಗೆ ತಳ್ಳುತ್ತಾ.

ಮಗು ನನ್ನ ತೊಡೆಯ ಮೇಲೆ ಕೂತು ರೈಲಿನ ಕಿಟಕಿಯ ಸರಳನ್ನು ನೆಕ್ಕುತ್ತಿತ್ತು. ಎದುರಿನ ಸೀಟಿನಲ್ಲಿ ನಮ್ಮತ್ತೆ ಚಪ್ಪಲಿ ಬಿಟ್ಟು, ಕಾಲು ಮಡಚಿ, ದಿಂಬಿಗೆ ಗಾಳಿ ತುಂಬಲು ಶುರುಮಾಡಿದ್ದರು. ನನಗೆ ಆ ರಾತ್ರಿ ಬೇಕಾಗಿದ್ದದ್ದು ಒಂದೇ, ನಿದ್ದೆ. ಬೆಳಿಗ್ಗೆ ದೊಡ್ಡ ಊರಿನ ರೈಲ್ವೆ ಕಚೇರಿಯಲ್ಲಿ ನನ್ನ ದನಿಯ ಪರೀಕ್ಷೆ. ಪಾಸಾದರೆ ನಮ್ಮೂರಿನ ಸ್ಟೇಷನ್ನಿನಲ್ಲೇ ಕೆಲಸ: ಯಾವ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ, ಯಾವುದು ತಡ ಎಂದು ಮೈಕಿನಲ್ಲಿ ಹೇಳುವುದು. ಮಗು ಹುಟ್ಟುವ ಮುಂಚೆ ಬಸ್ ಡಿಪೋದ ವಿಚಾರಣೆ ಕಿಟಕಿಯಲ್ಲಿ ಕೂರುತ್ತಿದ್ದ ನನಗೆ ಅದು ಮಾಡಿ ಬಿಟ್ಟ ಕೆಲಸದ ಹಾಗೇ. ಆದರೆ ಮುಂದಿನ ಸಲ ಕರೆಯುವ ಹೊತ್ತಿಗೆ ನನ್ನ ವಯಸ್ಸು ಅವರ ಮಿತಿ ದಾಟಿರುತ್ತದೆ. ಫೋನಿನಲ್ಲಿ ಆ ಕಚೇರಿಯ ಹೆಂಗಸು ಕೊನೆಗೆ ಹೇಳಿದ್ದಿಷ್ಟೇ: "ರಾತ್ರಿ ಚೆನ್ನಾಗಿ ನಿದ್ದೆ ಮಾಡಿ ಬನ್ನಿ. ಕಟ್ಟಿದ ಗಂಟಲು ಮೈಕಿನಲ್ಲಿ ಮುಚ್ಚಿಡೋಕಾಗಲ್ಲ."

ನಿದ್ದೆ ಮಾಡಿಸುವುದಕ್ಕಾಗಿಯೇ ನನ್ನ ಜೊತೆ ಇಬ್ಬರು ಹೊರಟಿದ್ದರು.

ನಮ್ಮವರು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಾರೆ. ಆ ಕಾರಿನಲ್ಲಿ ಕಲಿಯುವವರ ಕಾಲಡಿಗೆ ಒಂದು ಬ್ರೇಕು, ಪಕ್ಕದಲ್ಲಿ ಕೂತ ನಮ್ಮವರ ಕಾಲಡಿಗೆ ಇನ್ನೊಂದು. ವರ್ಷಗಟ್ಟಲೆ ಆ ಎರಡನೆಯ ಬ್ರೇಕಿನ ಮೇಲೆ ಕಾಲಿಟ್ಟು ಕೂತು ಅವರ ಬಲಗಾಲಿಗೆ ಸ್ವಂತ ಬುದ್ಧಿ ಬಂದುಬಿಟ್ಟಿದೆ. ಬಸ್ಸಿನಲ್ಲಿ ಹೋದರೂ ಒತ್ತುತ್ತದೆ. ಟೀವಿಯಲ್ಲಿ ಕಾರು ಓಡಿದರೂ ಒತ್ತುತ್ತದೆ. ನಾನು ಏನಾದರೂ ಹೊಸದು ಮಾಡುತ್ತೇನೆಂದರಂತೂ ಕೇಳಲೇಬೇಡಿ. ಈ ಕೆಲಸದ ಸುದ್ದಿ ಹೇಳಿದಾಗ ಮೊದಲು ಕಾಲು ನೆಲ ಒತ್ತಿತು, ಆಮೇಲೆ ಬಾಯಿ ತೆರೆಯಿತು: "ಈಗಲೇ ಯಾಕೆ? ಮಗು ಸ್ವಲ್ಪ ದೊಡ್ಡದಾಗ್ಲಿ."

ನಾನು ಹೋಗಿಯೇ ಹೋಗುತ್ತೇನೆ ಎಂದ ಮೇಲೆ ಮಾತ್ರ ಅವರೊಳಗಿನ ಮೇಷ್ಟ್ರು ಎದ್ದು ನಿಂತರು. ರಸ್ತೆಗಿಳಿಯುವ ಮುಂಚೆ ಖಾಲಿ ಮೈದಾನದಲ್ಲಿ ಅಭ್ಯಾಸವಾಗಬೇಕು ಎನ್ನುವುದು ಅವರ ಸ್ಕೂಲಿನ ನಿಯಮ. ಹಾಗಾಗಿ ಮಗುವಿಗೂ ಮನೆಯಲ್ಲೇ ರೈಲು ಪ್ರಯಾಣದ ಅಭ್ಯಾಸ ಶುರುವಾಯಿತು. ದಿನಾ ಸಂಜೆ ಸ್ನಾನವಾದ ಮೇಲೆ ಮಗುವನ್ನು ಮಂಚದ ಮೇಲೆ ಕೂರಿಸುವುದು, ಫೋನಿನಲ್ಲಿ ರೈಲು ಓಡುವ ಸದ್ದನ್ನು ಜೋರಾಗಿ ಹಾಕುವುದು, ಇವರು ಮಂಚದ ಕಾಲು ಹಿಡಿದು ಅಲ್ಲಾಡಿಸುತ್ತಾ ಕೆನ್ನೆ ಉಬ್ಬಿಸಿ ಇಂಜಿನ್ನಿನ ಕೂಗು ಹಾಕುವುದು. ಅತ್ತೆಗೆ ಟಿಸಿಯ ಪಾತ್ರ. ಅವರು ಟಾರ್ಚು ಬಿಡುತ್ತಾ ಬಂದು "ಟಿಕೆಟ್, ಟಿಕೆಟ್!" ಎಂದು ಮಗುವಿನ ಅಂಗಿ ಎತ್ತಿ ಹೊಟ್ಟೆಗೆ ಕಚಗುಳಿ ಇಡುತ್ತಿದ್ದರು. ಮಗು ಬಿಕ್ಕಳಿಕೆ ಬರುವಷ್ಟು ನಗುತ್ತಿತ್ತು.

"ರೀ, ಇದು ಮಲಗೋ ಅಭ್ಯಾಸ ಅಲ್ಲ, ಆಟ," ಎಂದೆ ನಾನು.

"ಮೊದಮೊದಲು ಹಾಗೇ. ನನ್ನ ಸ್ಟೂಡೆಂಟ್‌ಗಳೂ ಮೊದಲನೇ ವಾರ ಸ್ಟೀರಿಂಗ್ ಹಿಡ್ಕೊಂಡು ಹಲ್ಲು ಕಿರೀತಾರೆ."

ಆಡಿಸಿ ಆಡಿಸಿ ಅವರಿಗೇ ಸುಸ್ತಾದಾಗ ಫೋನು ಆರಿಸುತ್ತಿದ್ದರು. ಸದ್ದು ನಿಂತ ತಕ್ಷಣ ಮಗು ಎರಡು ಸಲ ಆಕಳಿಸಿ, ಇದ್ದಲ್ಲೇ ಉರುಳಿ ನಿದ್ದೆ ಹೋಗುತ್ತಿತ್ತು. "ನೋಡಿದ್ಯಾ? ಪಾಸ್!" ಎಂದು ಅಮ್ಮ ಮಗ ಕೈ ತಟ್ಟಿಕೊಳ್ಳುತ್ತಿದ್ದರು. ನಾನು ಅಡುಗೆಮನೆಯಿಂದ ನೋಡುತ್ತಿದ್ದೆ. ನನಗೂ ಹೊಳೆಯಲಿಲ್ಲ ಎನ್ನುವುದನ್ನು ಈಗ ಯಾರಿಗೂ ಹೇಳುವುದಿಲ್ಲ.

ಗಾಡಿ ಹೊರಟಿತು. ಚಕ್ರದ ಸದ್ದು ಕೇಳಿದ್ದೇ ತಡ, ಅಲ್ಲಿಯವರೆಗೆ ತೂಕಡಿಸುತ್ತಿದ್ದ ಮಗು ಬೆನ್ನು ನೆಟ್ಟಗೆ ಮಾಡಿ ಕೂತಿತು. ಕಣ್ಣು ಅರಳಿತು. ಅಪ್ಪನ ಕಡೆ ತಿರುಗಿ ಚಪ್ಪಾಳೆ ತಟ್ಟಿತು. ಅಪ್ಪ ಕೆನ್ನೆ ಉಬ್ಬಿಸಲೆಂದು ಸ್ವಲ್ಪ ಕಾದು ನೋಡಿ, ಕಿರುಚಿತು.

"ಹೊಸ ಜಾಗ ಅಲ್ವಾ, ಅದಕ್ಕೆ," ಎಂದರು ಇವರು.

"ಹೊಟ್ಟೆ ನೋವಿರ್ಬೇಕು," ಎಂದರು ಅತ್ತೆ. "ನೀನು ಸಂಜೆ ಬಾಳೆಹಣ್ಣು ತಿಂದ್ಯಲ್ಲ, ಅದೇ."

ಅಷ್ಟರಲ್ಲಿ ನಿಜವಾದ ಟಿಸಿ ಬಂದರು. ಕಪ್ಪು ಕೋಟು, ಕೈಯಲ್ಲಿ ಟಾರ್ಚು. "ಟಿಕೆಟ್," ಎಂದರು. ಮಗು ತಕ್ಷಣ ಎರಡೂ ಕೈಯಿಂದ ಅಂಗಿ ಎತ್ತಿ ಅವರಿಗೆ ಹೊಟ್ಟೆ ತೋರಿಸಿತು.

"ಇದೇನಮ್ಮ?" ಎಂದರು ಟಿಸಿ ಗಾಬರಿಯಿಂದ.

"ಟಿಕೆಟ್ ಸಾರ್," ಎಂದೆ. "ಅಜ್ಜಿ ಕೊಡ್ಸಿದ್ದು."

ಟಿಸಿ ನಗದೆ ಮುಂದೆ ಹೋದರು. ಕಚಗುಳಿ ಇಡದೆ ಹೋದ ಟಿಸಿಯನ್ನು ಮಗು ಕ್ಷಮಿಸಲಿಲ್ಲ. ಅವರು ಬೋಗಿ ದಾಟುವವರೆಗೂ ಅವರ ಬೆನ್ನಿಗೆ ಕಿರುಚಿತು. ಮೇಲಿನ ಬರ್ತಿನಿಂದ ಒಂದು ತಲೆ ಕೆಳಗೆ ಬಾಗಿತು. ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಮಲಗಿದ್ದ ಹಿರಿಯರು. ಪಟ್ಟಿಯನ್ನು ಹಣೆಗೆ ಏರಿಸಿ ನನ್ನನ್ನೇ ನೋಡಿದರು.

"ಮಗೂಗೆ ಒಂದು ಶಿಸ್ತು ಅಂತ ಕಲಿಸ್ಬೇಕಮ್ಮ. ನಮ್ಮ ಮಕ್ಕಳೆಲ್ಲ ಊಟ ಆದ ತಕ್ಷಣ ತೆಪ್ಪಗೆ ಮಲಗ್ತಿದ್ರು."

"ಯಾರು ಮಲಗಿಸ್ತಿದ್ರು ಸಾರ್?"

"ನಮ್ಮ ಮನೆಯವಳು."

"ನೀವು?"

"ನಂದು ಟೂರಿಂಗ್ ಕೆಲಸ. ವಾರಕ್ಕೊಂದ್ಸಲ ಬರ್ತಿದ್ದೆ." ತಲೆ ಮೇಲೆ ಹೋಯಿತು. ಪಟ್ಟಿ ಕಣ್ಣಿಗೆ ಇಳಿಯಿತು.

ನಮ್ಮವರಿಗೆ ಮರ್ಯಾದೆ ಪ್ರಶ್ನೆ ಬಂತು. "ಕೊಡಿಲ್ಲಿ ಮಗೂನ. ನೀನು ಮಲ್ಕೋ, ನಾನು ನೋಡ್ಕೋತೀನಿ," ಎಂದರು. ಕೇಳಿ ನನ್ನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಮಗುವನ್ನು ಹೆಗಲಿಗೆ ಹಾಕಿಕೊಂಡು ಬೋಗಿಯ ಆ ತುದಿಗೊಮ್ಮೆ ಈ ತುದಿಗೊಮ್ಮೆ ಹೋಗಿ ಬಂದರು. ಬಂದು, "ನಿನ್ನನ್ನೇ ಹುಡುಕ್ತಿದೆ ಕಣೆ, ಒಂಚೂರು ಹಿಡ್ಕೋ. ಬೆನ್ನು ನೆಟ್ಟಗೆ ಮಾಡಿ ಬಂದ್ಬಿಡ್ತೀನಿ, ಐದೇ ನಿಮಿಷ," ಎಂದು ನಡುವಿನ ಬರ್ತಿಗೆ ಹತ್ತಿದರು. ಬೆನ್ನು ಎಷ್ಟು ಸೊಟ್ಟಗಿತ್ತೋ ಏನೋ, ನೆಟ್ಟಗಾಗುತ್ತಲೇ ಇತ್ತು. ಗೊರಕೆ ಶುರುವಾಯಿತು.

"ಎಬ್ಬಿಸ್ಬೇಡ ಪಾಪ," ಎಂದರು ಅತ್ತೆ ಕಣ್ಣು ಮುಚ್ಚಿಕೊಂಡೇ. "ದಿನವಿಡೀ ಕ್ಲಚ್ಚು ಬ್ರೇಕು ತುಳಿದು ಸವೆದು ಹೋಗಿರ್ತಾನೆ. ನೀನೊಂದು ಜೋಗುಳ ಹಾಡಬಾರ್ದಾ? ದನಿ ಪರೀಕ್ಷೆ ಅಂತೀಯಲ್ಲ, ಅದಕ್ಕೂ ಒಳ್ಳೇದು."

ಹಾಡಿದೆ. ಗಂಟಲು ಉಳಿಸಬೇಕೆಂದು ಪಿಸುಮಾತಿನಲ್ಲಿ ಹಾಡಿದರೆ ಚಕ್ರದ ಸದ್ದಿನಲ್ಲಿ ಮಗುವಿಗೆ ಕೇಳದು. ಮಗುವಿಗೆ ಕೇಳುವಂತೆ ಹಾಡಿದರೆ ಮೇಲಿನಿಂದ ಪಟ್ಟಿಯವರು "ಶ್ಶ್" ಎನ್ನುವರು. ಪಟ್ಟಿಯವರಿಗೂ ಮಗುವಿಗೂ ನಡುವೆ ಒಂದು ಶ್ರುತಿ ಹುಡುಕಿ ಹುಡುಕಿ ನನ್ನ ಗಂಟಲು ಒಣ ತೆಂಗಿನ ಸಿಪ್ಪೆಯಂತಾಯಿತು. ಮಗು ಮಾತ್ರ ನನ್ನ ಮೂಗು ಹಿಡಿದು ಎಳೆಯುತ್ತಾ, ಗಾಡಿಯ ಕುಲುಕಾಟಕ್ಕೆ ಸರಿಯಾಗಿ ಕುಣಿಯುತ್ತಾ, ಮುಂದಿನ ಟಿಸಿಗಾಗಿ ಕಾಯುತ್ತಿತ್ತು.

ಆಗ ಗಾಡಿ ನಿಂತಿತು. ಸ್ಟೇಷನ್ ಅಲ್ಲ, ಎಂಥದೂ ಅಲ್ಲ. ಕಿಟಕಿಯಾಚೆ ಕತ್ತಲೆ, ದೂರದಲ್ಲೊಂದು ಕೆಂಪು ದೀಪ. ಚಕ್ರದ ಸದ್ದು ಅಡಗಿತು. ಮಗು ಕುಣಿತ ನಿಲ್ಲಿಸಿತು. ಎರಡು ಸಲ ಆಕಳಿಸಿತು. ಇದ್ದಲ್ಲೇ ಉರುಳಿ ನಿದ್ದೆ ಹೋಯಿತು.

ನಾನು ಕೈ ಚಾಚಿದವಳು ಚಾಚಿದ ಹಾಗೇ ಕೂತೆ. ಆಗ ಹೊಳೆಯಿತು. ಮಗು ಪಾಠವನ್ನು ಒಂದಕ್ಷರ ಬಿಡದೆ ಕಲಿತಿತ್ತು. ರೈಲು ಓಡಿದರೆ ಆಟ, ರೈಲು ನಿಂತರೆ ನಿದ್ದೆ. ಇಷ್ಟು ಚೆನ್ನಾಗಿ ಕಲಿತ ಸ್ಟೂಡೆಂಟು ಇವರ ಸ್ಕೂಲಿನಲ್ಲಿ ಹಿಂದೆ ಯಾರೂ ಇದ್ದಿರಲಾರರು.

ಸುತ್ತ ಜನ ಗೊಣಗಲು ಶುರುಮಾಡಿದರು. "ಯಾಕ್ರೀ ನಿಂತಿದೆ?" "ಇದರ ಹಣೆಬರಹವೇ ಇಷ್ಟು." ನಾನೊಬ್ಬಳು, ಇನ್ನೊಂಚೂರು ನಿಲ್ಲಪ್ಪಾ ಎಂದು ಬೇಡಿಕೊಂಡೆ. ಮರುಕ್ಷಣವೇ ಲೆಕ್ಕ ಹಾಕಿದೆ. ಇಲ್ಲೇ ನಿಂತರೆ ಪರೀಕ್ಷೆ ಹೋಯಿತು. ಹೊರಟರೆ ಮಗು ಎದ್ದಿತು, ದನಿ ಹೋಯಿತು.

ಗಾಡಿ ನಿಂತಿದ್ದಕ್ಕೆ ನಮ್ಮವರಿಗೂ ಎಚ್ಚರವಾಗಿತ್ತು. ನಡುವಿನ ಬರ್ತಿನಿಂದ ಇಣುಕಿ, "ನೋಡು, ಮಲಗ್ತು! ನಾನು ಹೇಳಿರ್ಲಿಲ್ವಾ?" ಎಂದರು.

"ಗಾಡಿ ನಿಂತಿದ್ದಕ್ಕೆ ಮಲಗಿದೆ ರೀ. ನೀವು ಫೋನ್ ಆರಿಸಿದ ಮೇಲೆ ಮಲಗ್ತಿತ್ತಲ್ಲ, ಹಾಗೆ." ನನ್ನ ದನಿ ನನಗೇ ಗುರುತು ಸಿಗಲಿಲ್ಲ, ಯಾರೋ ಮರಳು ಕಾಗದ ಉಜ್ಜಿದಂತಿತ್ತು.

ಬರ್ತಿನ ತುದಿಯಲ್ಲಿ ಅವರ ಬಲಗಾಲು ಕಂಬಳಿಯನ್ನು ಒತ್ತುವುದು ಕಾಣಿಸಿತು. "ಈ ದನಿಲಿ ಅಲ್ಲಿ ಹೋಗಿ ಏನು ಓದ್ತೀಯ? ನಾಲ್ಕು ಜನರ ಮುಂದೆ ಅವಮಾನ. ಮುಂದಿನ ಸ್ಟೇಷನ್‌ನಲ್ಲಿ ಇಳಿದು ವಾಪಸ್ ಹೋಗ್ಬಿಡೋಣ ಅಂತ. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು."

ನಾನು ಎದ್ದು ನಿಂತು ಅವರ ದಿಂಬು ಎಳೆದೆ.

"ಇಳೀರಿ."

"ಯಾಕೆ?"

"ನಾನು ಮೇಲೆ ಮಲಗ್ತೀನಿ. ಇಳೀರಿ ಅಂದ್ರೆ ಇಳೀರಿ. ಗಾಡಿ ಹೊರಟ್ರೆ ನಿಮ್ಮ ಸ್ಟೂಡೆಂಟ್ ಏಳುತ್ತೆ. ಕಲಿಸಿದವರು ನೀವು, ಆಡಿಸೋರೂ ನೀವೇ."

"ಅದು ನಿನ್ನನ್ನೇ ಕೇಳುತ್ತೆ ಕಣೆ!"

"ನನ್ನನ್ನಲ್ಲ, ಟಿಸಿನ ಕೇಳುತ್ತೆ. ಅತ್ತೆ, ಏಳಿ. ಟಾರ್ಚ್ ತಗೊಳ್ಳಿ."

ಅತ್ತೆ ಒಂದು ಕಣ್ಣು ತೆರೆದರು. ನನ್ನನ್ನು ನೋಡಿದರು, ಮಗನನ್ನು ನೋಡಿದರು. "ಇವನೂ ಹೀಗೇ ಇದ್ದ," ಎಂದರು ನಿಟ್ಟುಸಿರಿಟ್ಟು. "ಇವನಪ್ಪ ಗೊರಕೆ ಹೊಡೀತಿದ್ರು, ನಾನು ಇವನನ್ನ ಎತ್ಕೊಂಡು ಗೋಡೆ ನೋಡ್ತಾ ನಿಂತಿರ್ತಿದ್ದೆ. ಇಳಿಯೋ ಕೆಳಗೆ!"

ಅಮ್ಮನ ಮಾತಿಗೆ ಅವರ ಸ್ಕೂಲಿನಲ್ಲಿ ಬ್ರೇಕು ಅಳವಡಿಸಿರಲಿಲ್ಲ. ಇಳಿದರು. ನಾನು ಹತ್ತಿ, ಕಿವಿಯವರೆಗೂ ಶಾಲು ಎಳೆದುಕೊಂಡೆ. ಗಾಡಿ ಹೊರಟಿತು. ಕೆಳಗೆ ಒಂದು ಚಪ್ಪಾಳೆ ಕೇಳಿಸಿತು, ಆಮೇಲೆ ಕೆನ್ನೆ ಉಬ್ಬಿಸಿ ಹಾಕಿದ ಕೂಗು, ಆಮೇಲೆ "ಟಿಕೆಟ್, ಟಿಕೆಟ್!" ಪಟ್ಟಿಯವರು "ಶ್ಶ್" ಎಂದರು. "ನಿಮ್ಮ ಟಿಕೆಟ್ ತೋರ್ಸಿ ಮೊದ್ಲು," ಎಂದು ಅತ್ತೆ ಅವರ ಮುಖಕ್ಕೇ ಟಾರ್ಚು ಬಿಟ್ಟರು. ಮುಂದೆ ಏನಾಯಿತೋ ನನಗೆ ಗೊತ್ತಿಲ್ಲ. ನಾನು ಮಲಗಿದ್ದೆ.

ಎದ್ದಾಗ ಬೆಳಕಾಗಿತ್ತು, ಊರು ಬಂದಿತ್ತು. ನಮ್ಮವರು ಕತ್ತು ಬಗ್ಗಿಸಿ ಕೂತಿದ್ದರು. ನಡುವಿನ ಬರ್ತಿನಡಿ ಉಳಿದ ರಾತ್ರಿಯಿಡೀ ಹಾಗೇ ಕೂತವರ ಕತ್ತು ಹೊರಗೆ ಬಂದ ಮೇಲೂ ನೆಟ್ಟಗಾಗಲಿಲ್ಲ. ಕಣ್ಣು ಕೆಂಪು ಸಿಗ್ನಲ್ಲು. ಮಗು ಅವರ ಕೂದಲು ಹಿಡಿದು ಇನ್ನೂ ಗಾಡಿ ಓಡಿಸುತ್ತಿತ್ತು. "ಒಂದ್ಸಲಾನೂ ನಿಲ್ಲಿಲ್ಲ ಕಣೆ," ಎಂದರು. ಗಾಡಿಯೋ ಮಗುವೋ ಎಂದು ನಾನು ಕೇಳಲಿಲ್ಲ. ಓಡಿದೆವು.

ಕಚೇರಿ ಸ್ಟೇಷನ್ನಿನ ಮಹಡಿಯ ಮೇಲೇ ಇತ್ತು. ಹೊರಗೆ ಬೆಂಚಿನಲ್ಲಿ ಇನ್ನೂ ಮೂರ್ನಾಲ್ಕು ಹೆಂಗಸರು ಫ್ಲಾಸ್ಕಿನಿಂದ ಬಿಸಿನೀರು ಗುಟುಕರಿಸುತ್ತಾ, ಗಂಟಲು ಸವರಿಕೊಳ್ಳುತ್ತಾ ಕೂತಿದ್ದರು. ಒಬ್ಬೊಬ್ಬರದೂ ಜೇನಿನಂಥ ದನಿ. ನನ್ನದು ಅರ್ಧ ಮಾತ್ರ ವಾಪಸು ಬಂದಿತ್ತು. ಒಳಗೆ ಒಂದು ಗಾಜಿನ ಗೂಡು, ಅದರಲ್ಲೊಂದು ಮೈಕು. ಪರೀಕ್ಷೆ ಮಾಡುವವರು ಹಿರಿಯ ಉದ್ಘೋಷಕಿ, ಕನ್ನಡಕ ತಲೆಯ ಮೇಲೆ. ಅವರು ಒಂದು ಗುಂಡಿ ಒತ್ತಿದರು. ಗೂಡಿನ ತುಂಬ ಪ್ಲಾಟ್‌ಫಾರ್ಮಿನ ಗದ್ದಲ ತುಂಬಿತು. ಕೂಲಿಗಳ ಕೂಗು, ಮಕ್ಕಳ ಅಳು, ಇಂಜಿನ್ನು. "ಕೂಗಬಾರದು, ಪಿಸುಗುಡಬಾರದು. ಇದರ ನಡುವೆ ಕೇಳ್ಬೇಕು. ಓದಿ."

ರಾತ್ರಿ ಹುಡುಕಿದ್ದ ಶ್ರುತಿ ಅಲ್ಲೇ ಇತ್ತು, ಪಟ್ಟಿಯವರಿಗೂ ಮಗುವಿಗೂ ನಡುವೆ. ಗಾಡಿ ತಡವಾಗಿ ಬರುವುದೆಂದು ಓದಿದೆ. ಕೊನೆಗೆ, ಪ್ರಯಾಣಿಕರಿಗಾದ ತೊಂದರೆಗೆ ವಿಷಾದಿಸುತ್ತೇವೆ ಎಂದೆ.

ಉದ್ಘೋಷಕಿ ಗದ್ದಲ ನಿಲ್ಲಿಸಿದರು. "ವಿಷಾದಿಸುತ್ತೇವೆ ಅನ್ನೋದನ್ನ ಬಯ್ಯೋ ಹಾಗೆ ಹೇಳಿದ್ರಲ್ಲ?"

"ರಾತ್ರಿ ಗಾಡೀಲಿ ಬಂದೆ ಮೇಡಂ."

ಅವರು ಕನ್ನಡಕ ಕೆಳಗಿಳಿಸಿ ನನ್ನನ್ನು ನೋಡಿದರು. ಎಲ್ಲರ ಸರದಿಯೂ ಮುಗಿಯಲಿ, ಕಾಯಿರಿ ಎಂದರು. ಹೊರಗೆ ಬಂದೆ. ಓಣಿಯ ಬೆಂಚಿನಲ್ಲಿ ನಮ್ಮವರು ಗೋಡೆಗೊರಗಿ ಬಾಯಿ ತೆರೆದು ಮಲಗಿದ್ದರು. ಅವರೆದೆಯ ಮೇಲೆ ಮಗು, ಅದೂ ಬಾಯಿ ತೆರೆದು. ಅತ್ತೆ ಟಾರ್ಚು ಹಿಡಿದು ಕಾವಲು ಕೂತಿದ್ದರು. ಜೇನಿನ ದನಿಗಳು ಒಂದೊಂದಾಗಿ ಒಳಗೆ ಹೋಗಿ ಬಂದವು. ಕೊನೆಗೆ ಉದ್ಘೋಷಕಿಯೇ ಬಾಗಿಲಿಗೆ ಬಂದು ನನ್ನನ್ನು ಕರೆದರು.

"ಸಿಹಿ ದನಿ ಎಲ್ಲ ಗದ್ದಲದಲ್ಲಿ ಕರಗಿಹೋಯ್ತು. ನಿಮ್ಮದು ಕೇಳಿಸ್ತು. ಆದ್ರೆ ಮೊದಲೇ ಹೇಳಿಬಿಡ್ತೀನಿ, ನಿಮ್ಮೂರಲ್ಲಿ ಖಾಲಿ ಇರೋದು ರಾತ್ರಿ ಪಾಳಿ. ಕೈಗೂಸು ಬೇರೆ ಇದೆ. ರಾತ್ರಿಯೆಲ್ಲ ಎದ್ದಿರೋ ಅಭ್ಯಾಸ ಇದೆಯಾ?"

"ನನಗೆ ಮೊದಲಿಂದಲೂ ಇದೆ ಮೇಡಂ," ಎಂದೆ. "ನಮ್ಮ ಮನೆಯವರಿಗೂ ನಿನ್ನೆ ಪ್ರಾಕ್ಟೀಸ್ ಆಗಿದೆ."

ಕೆಳಗೆ ಗೂಡ್ಸ್ ಗಾಡಿಯೊಂದು ಹೊರಟಿತು. ಓಣಿಯ ಕಿಟಕಿಗಳು ಗಡಗಡ ಅಂದವು. ಮಗು ಕಣ್ಣು ತೆರೆದು, ಅಪ್ಪನೆದೆಯ ಮೇಲೆ ಎದ್ದು ಕೂತು, ಚಪ್ಪಾಳೆ ತಟ್ಟಿತು. ನಮ್ಮವರ ಬಲಗಾಲು ನಿದ್ದೆಯಲ್ಲೇ ನೆಲವನ್ನು ಒತ್ತಿತು, ಇನ್ನೊಮ್ಮೆ ಜೋರಾಗಿ ಒತ್ತಿತು. ಗಾಡಿ ನಿಲ್ಲದೆ ಹೋಯಿತು.