ಎರಡು ಬೆರಳಿನ ಅಟ್ಟೆ

ಪಾದಯಾತ್ರೆಗೆಂದು ನಡಿಗೆ ಅಭ್ಯಾಸ ಶುರುಮಾಡಿದ ಮೂರನೇ ದಿನವೂ ಅವಳು ನೀರಿನ ಟ್ಯಾಂಕಿನ ಹತ್ತಿರವೇ ನಿಂತುಬಿಟ್ಟಳು. ಸೊಂಟ ಹಿಡಿದುಕೊಂಡು ರಸ್ತೆಬದಿಯ ಕಲ್ಲಿನ ಮೇಲೆ ಕುಸಿದು ಕೂತು, "ಅಯ್ಯೋ, ನನ್ನ ಕೈಲಾಗಲ್ಲ ಕಣ್ರೀ," ಎಂದಳು.

ಮುಂದೆ ಹೋಗಿದ್ದ ಗಂಡ ವಾಪಸು ಬಂದ. ಪೇಟೆಯ ಮೂಲೆಯಲ್ಲಿ ಚಪ್ಪಲಿ ಹೊಲಿಯುವ ಅವನನ್ನು ಎಲ್ಲರೂ ಕರೆಯುವುದು ಮೊಳೆಯಣ್ಣ ಎಂದು. ತುಟಿಯಲ್ಲಿ ನಾಲ್ಕು ಮೊಳೆ ಕಚ್ಚಿಕೊಂಡೇ ಮಾತಾಡುವ ಆಸಾಮಿ. ಮೂವತ್ತು ವರ್ಷದಿಂದ ಕ್ಷೇತ್ರಕ್ಕೆ ನಡೆದು ಹೋಗುವವರ ಚಪ್ಪಲಿಗಳನ್ನೆಲ್ಲ ಗಟ್ಟಿ ಮಾಡಿ ಕೊಟ್ಟಿದ್ದಾನೆಯೇ ಹೊರತು ತಾನು ಒಮ್ಮೆಯೂ ಹೋದವನಲ್ಲ. ಈ ಸಲ ಹೆಂಡತಿ ಅವನನ್ನು ಕೇಳದೆಯೇ ಇಬ್ಬರ ಹೆಸರನ್ನೂ ಬರೆಸಿ ಬಂದಿದ್ದಳು. ಒಂಬತ್ತು ದಿನದ ನಡಿಗೆ.

"ಶನಿವಾರದ ಪರೀಕ್ಷೆ ನಡಿಗೇಲಿ ಸೇತುವೆ ಮುಟ್ಟಿ ಬರಲಾಗದಿದ್ರೆ ಮೇಷ್ಟ್ರು ನಿನ್ನನ್ನ ಸಾಮಾನಿನ ವ್ಯಾನಿಗೆ ಹತ್ತಿಸ್ತಾರೆ ಅಷ್ಟೇ," ಎಂದ. ತಂಡ ಕಟ್ಟಿಕೊಂಡು ಹೋಗುವ ಮೇಷ್ಟ್ರು ಈ ವಿಷಯದಲ್ಲಿ ಬಲು ಕಟ್ಟುನಿಟ್ಟು.

"ಹಾಸಿಗೆ ಗಂಟುಗಳ ಜೊತೆ ನಾನೂ ಒಂದು ಗಂಟಾಗಿ ಹೋಗ್ಲಾ? ಹೋದರೆ ನಡೆದೇ ಹೋಗ್ತೀನಿ, ಇಲ್ಲಾಂದ್ರೆ ಇಲ್ಲ." ಅವಳ ಕಣ್ಣು ತುಂಬಿತ್ತು. ಪ್ರತಿವರ್ಷ ಅಂಗಡಿಯ ಬಾಗಿಲಲ್ಲಿ ನಿಂತು ಬೇರೆಯವರಿಗೆ ಕೈಬೀಸಿ ಅವಳಿಗೂ ಸಾಕಾಗಿತ್ತು.

ಮನೆಗೆ ಬಂದು ಅವಳು ಬಿಸಿನೀರಲ್ಲಿ ಕಾಲಿಟ್ಟು ಕೂತಾಗ ಅವನು ಅವಳ ಚಪ್ಪಲಿ ಕೈಗೆತ್ತಿಕೊಂಡ. ಅಟ್ಟೆ ನೋಡಿಯೇ ಮನುಷ್ಯ ಹೇಗೆ ನಡೆಯುತ್ತಾನೆಂದು ಹೇಳಬಲ್ಲವನು ಅವನು. ಎಡಗಾಲಿನದರ ಹಿಮ್ಮಡಿ ಹೊಸದರ ಹಾಗೇ ಇತ್ತು. ಮುಂದಿನ ತುದಿ ಮಾತ್ರ ಸವೆದು ಕಾಗದವಾಗಿತ್ತು.

ಅವಳ ಎಡಗಾಲು ಹುಟ್ಟಿನಿಂದಲೇ ಬಲಗಾಲಿಗಿಂತ ಎರಡು ಬೆರಳಿನಷ್ಟು ಗಿಡ್ಡ. ಮದುವೆಯ ವರ್ಷ ಅವನು ಆ ಕಾಲಿನ ಅಟ್ಟೆಯೊಳಗೆ ಒಂದು ಬೆರಳು ದಪ್ಪದ ಪದರ ಸೇರಿಸಿ, ಯಾರ ಕಣ್ಣಿಗೂ ಬೀಳದಂತೆ ಅಂಚು ಮುಚ್ಚಿ ಹೊಲಿದಿದ್ದ. ಎರಡು ಬೆರಳು ಹಾಕಿದರೆ ಎದ್ದು ಕಾಣುತ್ತದೆ, ಚಪ್ಪಲಿಯವನ ಹೆಂಡತಿ ಕುಂಟಿ ಅಂತ ಜನ ಆಡಿಕೊಳ್ಳುತ್ತಾರೆ ಅನ್ನೋ ಅಳುಕು. ಆಮೇಲಿನ ಪ್ರತಿ ಜೊತೆಗೂ ಅದೇ ಅಳತೆ. ತನ್ನ ಕೈಚಳಕಕ್ಕೆ ತಾನೇ ಬೀಗುತ್ತಿದ್ದ ಬೇರೆ!

"ಇಷ್ಟು ವರ್ಷ ತುದಿಗಾಲಲ್ಲಿ ನಡೀತಿದ್ಯೇನೇ?"

"ಇನ್ನೇನ್ ಮಾಡ್ಲಿ? ಒಂದು ಬೆರಳು ನೀವು ಕೊಟ್ರಿ, ಇನ್ನೊಂದು ನಾನೇ ಎತ್ತಿಕೊಂಡೆ."

"ಬಾಯಿಬಿಟ್ಟು ಹೇಳೋಕೇನಾಗಿತ್ತು?"

"ಮೊದಲನೇ ಜೊತೆ ತಂದುಕೊಟ್ಟಾಗ ನಿಮ್ಮ ಮುಖ ನೋಡಬೇಕಿತ್ತು. ಅಷ್ಟು ಹಿಗ್ಗಿದ್ರಿ. ಸಾಲದು ಅನ್ನೋಕೆ ಮನಸ್ಸಾಗಲಿಲ್ಲ. ಆಮೇಲೆ ಅಭ್ಯಾಸ ಆಗೋಯ್ತು, ಬಿಡಿ."

ಬಿಡುವುದು ಹೇಗೆ? ಅವನಿಗೆ ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ. ಊರವರ ಕಾಲಿಗೆಲ್ಲ ಸರಿಯಾದ ಅಳತೆ ಹಿಡಿದವನು ಸ್ವಂತ ಹೆಂಡತಿಗೆ ಅರ್ಧ ಅಳತೆ ಕೊಟ್ಟಿದ್ದ. ಕಾಗದದ ಮೇಲೆ ಅವಳ ಒದ್ದೆ ಪಾದ ಇರಿಸಿ ಸುತ್ತಲೂ ಪೆನ್ಸಿಲು ಎಳೆದ.

ಮರುದಿನ ಬೆಳಿಗ್ಗೆ ಅಂಗಡಿಯಲ್ಲಿ ಕೂತು ಹಳೇ ಟೈರಿನ ರಬ್ಬರನ್ನು ಪದರ ಪದರವಾಗಿ ಅಂಟಿಸತೊಡಗಿದ. ಭರ್ತಿ ಎರಡು ಬೆರಳು, ಮುಚ್ಚುಮರೆಯಿಲ್ಲ. ಎದುರಂಗಡಿಯ ಕ್ಷೌರಿಕ ಕತ್ತರಿ ಹಿಡಿದುಕೊಂಡೇ ಬಂದು ಬಗ್ಗಿ ನೋಡಿದ.

"ಇದೇನ್ ಮೊಳೆಯಣ್ಣ, ಚಪ್ಪಲಿಗೆ ಮಹಡಿ ಕಟ್ತಿದ್ದೀಯಾ? ಯಾರದಿದು?"

ಯಾರೋ ಗಿರಾಕಿಯದು ಅಂದುಬಿಡಬಹುದಿತ್ತು. ಮಾತು ನಾಲಗೆ ತುದಿಗೂ ಬಂತು. ಅವನು ಬಾಯಿಂದ ಮೊಳೆಗಳನ್ನು ಒಂದೊಂದಾಗಿ ತೆಗೆದು ಅಂಗೈಯಲ್ಲಿಟ್ಟುಕೊಂಡ.

"ನನ್ನ ಹೆಂಡತಿಯದು. ಅವಳ ಎಡಗಾಲು ಎರಡು ಬೆರಳು ಗಿಡ್ಡ."

"ಅದು ಇಡೀ ಪೇಟೆಗೇ ಗೊತ್ತಲ್ಲೋ ಮಾರಾಯ," ಎಂದ ಕ್ಷೌರಿಕ. "ಇವನು ಯಾವತ್ತು ನೆಟ್ಟಗೆ ಮಾಡಿಕೊಡ್ತಾನೋ ಅಂತ ನಾವೇ ಕಾಯ್ತಿದ್ವಿ. ಕೇಳೋಕೆ ನಮಗೂ ಸಂಕೋಚ."

ಅವನು ಮೊಳೆಗಳನ್ನು ಮತ್ತೆ ಬಾಯಿಗಿಟ್ಟುಕೊಂಡ. ಆ ದಿನ ಬೇರೆ ಯಾರ ಕೆಲಸವನ್ನೂ ಮುಟ್ಟಲಿಲ್ಲ.

ಹೊಸ ಚಪ್ಪಲಿಗೆ ಒಗ್ಗಿಕೊಳ್ಳಲು ಅವಳಿಗೆ ಎರಡು ದಿನ ಹಿಡಿಯಿತು. ಗೋಡೆ ಹಿಡಿದು ಅಡುಗೆಮನೆಯಿಂದ ಹಿತ್ತಲಿಗೆ, ಹಿತ್ತಲಿಂದ ಅಡುಗೆಮನೆಗೆ. "ಯಾರದೋ ಕಾಲನ್ನ ಸಾಲ ತಂದಂಗಿದೆ ಕಣ್ರೀ," ಎಂದು ನಕ್ಕಳು.

ಶನಿವಾರ ಇಪ್ಪತ್ತು ಮಂದಿ ಸೇತುವೆಯತ್ತ ಹೊರಟರು, ಸೀಟಿ ಹಿಡಿದ ಮೇಷ್ಟ್ರು ಮುಂದೆ. ಒಂದಿಬ್ಬರು ಅವಳ ಕಾಲಿನತ್ತ ನೋಡಿದರು. ಅವನೂ ಅವರನ್ನು ನೋಡಿದ. ನೋಡಲಿ ಬಿಡು ಅನ್ನಿಸಿತು.

ಟ್ಯಾಂಕು ಬಂತು. ಅವನು ರೂಢಿಯಂತೆ ಕಲ್ಲಿನ ಬಳಿ ನಿಂತು, ಅವಳಿಗೆ ಕೂರಲೆಂದು ಹೆಗಲ ಟವೆಲಿನಿಂದ ಧೂಳು ಒರೆಸಿದ. ತಲೆಯೆತ್ತಿ ನೋಡಿದರೆ ಅವಳು ಆಗಲೇ ಇಪ್ಪತ್ತು ಹೆಜ್ಜೆ ಮುಂದಿದ್ದಳು.

"ಏನ್ರೀ, ಸುಸ್ತಾಯ್ತಾ? ವ್ಯಾನಿಗೆ ಹೇಳ್ಲಾ?" ಎಂದು ತಿರುಗದೆಯೇ ಕೂಗಿದಳು.

ಮೂವತ್ತು ವರ್ಷ ಒಂದು ಜೋರು, ಒಂದು ಮೆತ್ತಗೆ ಕೇಳಿದ ಹೆಜ್ಜೆ ಅದು. ಅವನು ಟವೆಲು ಹಿಡಿದುಕೊಂಡು ಅಲ್ಲೇ ಒಂದು ಗಳಿಗೆ ಕಿವಿಗೊಟ್ಟ. ಯಾವುದು ಎಡಗಾಲು, ಯಾವುದು ಬಲಗಾಲು ಎಂದು ಗೊತ್ತಾಗಲಿಲ್ಲ.