ಹದಿನೈದು ಸಾವಿರದ ಲಿಮಿಟ್ಟು

ಕೊರಿಯರ್‌ನವನು ಕ್ರೆಡಿಟ್ ಕಾರ್ಡು ತಂದುಕೊಟ್ಟಾಗ ಮನೆಯಲ್ಲಿದ್ದವರು ನಾನು ಮತ್ತು ನನ್ನ ಮಾವ ಚಿಕ್ಕಬಸಪ್ಪನವರು. ಕಾರ್ಡು ಬಂದದ್ದು ನಮ್ಮನೆಯವರ ಹೆಸರಿಗೆ. ಅವರು ತಾಂಡ್ಯದ ಫ್ಯಾಕ್ಟರಿಯಲ್ಲಿ ಡ್ಯೂಟಿ ಮೇಲಿದ್ದರು. ಮಾವ ಅದನ್ನು ನನ್ನ ಕೈಯಿಂದ ಇಸಿದುಕೊಂಡು, ದೇವರ ಗೂಡಿನಲ್ಲಿಟ್ಟು, ಮೂರು ಬೆರಳಲ್ಲಿ ವಿಭೂತಿ ಎಳೆದರು. ನಮ್ಮ ಬಿಳಿಗೆರೆಯಲ್ಲಿ ಹೊಸ ಬೈಕಿಗೂ ಇದೇ ಮರ್ಯಾದೆ, ಹೊಸ ಮಿಕ್ಸಿಗೂ ಇದೇ ಮರ್ಯಾದೆ.

"ಎಷ್ಟವ್ವ ಲಿಮಿಟ್ಟು?" ಎಂದರು.

ಜೊತೆಗಿದ್ದ ಕಾಗದ ಬಿಚ್ಚಿ ಓದಿದೆ. ಹದಿನೈದು ಸಾವಿರ. ಒಂದು ಸೊನ್ನೆ ಕಣ್ತಪ್ಪಿತೇನೋ ಎಂದು ಮತ್ತೆ ಓದಿದೆ. ತಪ್ಪಿರಲಿಲ್ಲ.

"ಅದ್ನೈದೇ ಸಾವ್ರವಾ?" ಮಾವನ ದನಿ ಏರಿತು. "ಮಾದೇಸ್ವಾಮಿ ಮೇಷ್ಟ್ರಿಗೆ ಒಂದೂವರೆ ಲಕ್ಷ ಕೊಟ್ಟವ್ರಂತೆ. ಕಂಪ್ನೀಲಿ ಪರ್ಮನೆಂಟಾಗಿರೋನ್ಗೆ ಅದ್ನೈದಾ? ಅಷ್ಟಕ್ಕೆ ಒಂದ್ ಒಳ್ಳೆ ಎಮ್ಮೆ ಕರ ಬರಾಕಿಲ್ವಲ್ಲವ್ವ!"

ಕಾಗದದ ಹಿಂಬದಿಯ ತುಂಬ ಬಣ್ಣದ ಚಿತ್ರಗಳು. ಪೆಟ್ರೋಲ್ ಹಾಕಿಸಿದರೆ ಇಷ್ಟು ಪಾಯಿಂಟು, ಸಿನಿಮಾ ನೋಡಿದರೆ ಅಷ್ಟು ಪಾಯಿಂಟು, ವಿಮಾನ ನಿಲ್ದಾಣಕ್ಕೆ ಹೋದರೆ ವರ್ಷಕ್ಕೊಂದು ಊಟ ಪುಕ್ಕಟೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುತ್ತಾರಲ್ಲ, ಆ ಹೂವನ್ನು ಬ್ಯಾಂಕಿನವರೇ ಮುಡಿಸಿ ಕಳಿಸಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು.

ನನಗೆ ಪಾಯಿಂಟು ಬೇಕಿರಲಿಲ್ಲ, ಎಂಬತ್ತು ಸಾವಿರ ರೂಪಾಯಿ ಬೇಕಿತ್ತು. ನನ್ನ ತಮ್ಮ ಸಿದ್ಧಾರ್ಥ ಟಿ. ನರಸೀಪುರದಲ್ಲಿ ಅವ್ವನ ಜೊತೆ ಇದ್ದಾನೆ. ಐಟಿಐ ಮಾಡಿಕೊಂಡು ನಾಲ್ಕು ವರ್ಷದಿಂದ ಗ್ಯಾರೇಜೊಂದರಲ್ಲಿ ಕೈ ಕರಿ ಮಾಡಿಕೊಳ್ಳುತ್ತಿದ್ದ. ದೇವರಾಜು ಎಂಬ ಲೇಬರ್ ಕಂಟ್ರಾಕ್ಟರ್ ಎರಡು ಲಕ್ಷ ಕೊಟ್ಟರೆ ಅವನನ್ನು ತಾಂಡ್ಯದಲ್ಲಿ ಪರ್ಮನೆಂಟ್ ಮಾಡಿಸುತ್ತೇನೆಂದು ಒಪ್ಪಿಕೊಂಡಿದ್ದ. ನಂಬದೇ ಇರಲು ನಮಗೆ ಕಾರಣವೇ ಇರಲಿಲ್ಲ. ಎರಡು ವರ್ಷದ ಹಿಂದೆ ನಮ್ಮನೆಯವರನ್ನು ಪರ್ಮನೆಂಟ್ ಮಾಡಿಸಿದವನೂ ಅವನೇ. ಆಗ ನನ್ನ ಎರಡೆಳೆ ಸರ ಮಾರಿ ಕೊಟ್ಟಿದ್ದೆವು. ಈ ಸಲ ಅವ್ವ ತನ್ನ ಮೂರು ಹಸುಗಳನ್ನೂ ಮಾರಿದಳು. ಅಪ್ಪ ಹೋದ ಮೇಲೆ ನಮ್ಮಿಬ್ಬರನ್ನು ಸಾಕಿದ್ದು ಡೈರಿಗೆ ಹಾಕಿದ ಹಾಲು. ಹಸು ಬಿಟ್ಟರೆ ಅವಳಿಗೆ ಬೇರೆ ಬದುಕು ಗೊತ್ತಿಲ್ಲ. ಅಷ್ಟು ಮಾರಿದರೂ ಕೈಗೆ ಬಂದದ್ದು ಒಂದು ಲಕ್ಷದ ಇಪ್ಪತ್ತು ಸಾವಿರ.

ಉಳಿದ ಎಂಬತ್ತಕ್ಕೆ ಕಾರ್ಡಿನ ಉಪಾಯ ಹೇಳಿದವನು ಸಿದ್ಧಾರ್ಥನೇ. ಪರ್ಮನೆಂಟ್ ನೌಕರರಿಗೆ ಲಕ್ಷಕ್ಕೆ ಕಡಿಮೆ ಕೊಡುವುದಿಲ್ಲವಂತೆ. ನಂಜನಗೂಡಿನ ಮೊಬೈಲ್ ಅಂಗಡಿಯೊಂದರಲ್ಲಿ ಕಾರ್ಡ್ ಉಜ್ಜಿಕೊಂಡು, ನೂರಕ್ಕೆ ಮೂರು ರೂಪಾಯಿ ಹಿಡಿದು, ನಗದು ಕೊಡುತ್ತಾರಂತೆ. ನಮ್ಮನೆಯವರು ಮೊದಲು ಹಿಂದೆ ಮುಂದೆ ನೋಡಿದರು. ನಾವೆಲ್ಲ ಮೇಲೆ ಬಿದ್ದು ಹೇಳಿದ ಮೇಲೆ ಫ್ಯಾಕ್ಟರಿ ಗೇಟಿನ ಮುಂದೆ ಛತ್ರಿ ಹಾಕಿಕೊಂಡು ಕೂತಿರುವ ಕಾರ್ಡಿನ ಹುಡುಗರ ಹತ್ತಿರ ಅರ್ಜಿ ತುಂಬಿ ಬಂದರು. ಡ್ಯೂಟಿಯಲ್ಲಿ ಫೋನನ್ನು ಗೇಟಿನಲ್ಲೇ ಇಸಿದುಕೊಳ್ಳುತ್ತಾರೆ ಅಂತ ನನ್ನ ನಂಬರನ್ನೇ ಬರೆಸಿದ್ದರು.

ಸಂಜೆ ಅವರು ಬಂದು ಉಣ್ಣಲು ಕೂತಾಗ ಕಾಗದವನ್ನು ತಟ್ಟೆಯ ಪಕ್ಕದಲ್ಲೇ ಇಟ್ಟೆ. ಓದಿದರು. ನನಗಾದ ಬೇಜಾರಿನಲ್ಲಿ ಅವರಿಗೆ ಕಾಲು ಭಾಗವೂ ಆದಂತೆ ಕಾಣಲಿಲ್ಲ.

"ಓಗ್ಲಿ ಬುಡು. ಆರ್ ತಿಂಗ್ಳಾದ್ಮ್ಯಾಕೆ ಅವ್ರೇ ಜಾಸ್ತಿ ಮಾಡ್ತಾರಂತೆ."

"ಆರ್ ತಿಂಗ್ಳು ದೇವರಾಜು ಕಾಯ್ತನಾ? ಶುಕ್ರವಾರುಕ್ಕೆ ಲಿಸ್ಟು ಮುಗೀತು ಅಂದವ್ನೆ."

"ಅವುನ್ ತಾವ ನಾನ್ ಮಾತಾಡ್ತೀನಿ ಕಣೆ."

"ನೀವ್ ಯಾವಾಗ್ಲೂ ಇಂಗೇ. ಯಾರಾರ ತಲೆ ಮೇಲೆ ಕೂತ್ಕಂಡ್ರೆ ಇನ್ನೊಂಚೂರು ಬಗ್ತೀರಿ. ನಾಳೆ ನಾನೇ ಬ್ಯಾಂಕ್‌ಗೆ ಓಗಿ ಕೇಳ್ತೀನಿ."

ಮುದ್ದೆ ಮುರಿಯುತ್ತಿದ್ದ ಕೈ ನಿಂತಿತು. "ನೀನ್ಯಾಕ್ ಓಗ್ತೀಯೆ? ಬ್ಯಾಡ. ಅವ್ರು ಎಂಗಸ್ರ ತಾವೆಲ್ಲ ಮಾತಾಡಾಕಿಲ್ಲ."

ಬೇಡ ಎಂದರೆ ಸುಮ್ಮನಿರುವ ಹೆಣ್ಣು ನಾನಲ್ಲ ಅಂತ ಏಳು ವರ್ಷ ಸಂಸಾರ ಮಾಡಿದವರಿಗೆ ಗೊತ್ತಿರಬೇಕಿತ್ತು. ರಾತ್ರಿಯೇ ಬ್ಯಾಂಕಿನ ಸಹಾಯವಾಣಿಗೆ ಫೋನ್ ಹಚ್ಚಿದೆ. ಕನ್ನಡಕ್ಕೆ ಇಂಥದ್ದು ಒತ್ತಿ ಅಂದಿತು, ಒತ್ತಿದೆ. ಕಾರ್ಡಿಗೆ ಇಂಥದ್ದು ಅಂದಿತು, ಅದನ್ನೂ ಒತ್ತಿದೆ. ಒತ್ತಿ ಒತ್ತಿ ಕೊನೆಗೆ ನಾನು ಅವರ ಅಮೂಲ್ಯ ಗ್ರಾಹಕಳು ಎಂದು ಹೇಳಿ ಫೋನು ಕಟ್ಟಾಯಿತು. ಮಾವ ನಡುಮನೆಯಲ್ಲಿ ಕೂತು ಬ್ಯಾಂಕಿನವರ ವಂಶವನ್ನೇ ಬೈಯುತ್ತಿದ್ದರು. ನಮ್ಮನೆಯವರು ಗೋಡೆಯ ಕಡೆ ತಿರುಗಿಕೊಂಡು ಮಲಗಿದ್ದರು.

ಮರುದಿನ ಗುರುವಾರ. ಅಡುಗೆ ಮುಗಿಸಿ, ಒಳ್ಳೆಯ ಸೀರೆಯುಟ್ಟು, ಕಾರ್ಡನ್ನು ಪರ್ಸಿನಲ್ಲಿಟ್ಟುಕೊಂಡು ನಂಜನಗೂಡಿನ ಬಸ್ಸು ಹತ್ತಿದೆ. ಬ್ಯಾಂಕಿನಲ್ಲಿ ಕಾರ್ಡಿನ ಕೆಲಸ ನೋಡುವ ಹುಡುಗಿಯ ಮೇಜಿನ ಮೇಲೆ ಪಲ್ಲವಿ ಎಂಬ ಹೆಸರಿನ ಹಲಗೆಯಿತ್ತು. ನಮ್ಮ ಕಡೆಯವಳೇ ಇರಬೇಕು, ಕೂರಿ ಮೇಡಂ ಎಂದಳು. ನಾನು ಕೂರಲಿಲ್ಲ.

"ಲಿಮಿಟ್ ಸಿಸ್ಟಮ್ಮೇ ಕೊಡೋದು ಮೇಡಂ. ನಮ್ಮ ಕೈಲಿಲ್ಲ."

"ನಿಮ್ ಸಿಸ್ಟಮ್‌ಗೆ ನಮ್ಮನೆಯವ್ರು ಯಾರು ಅಂತ ಗೊತ್ತೇನಮ್ಮ? ತಾಂಡ್ಯದಲ್ಲಿ ಪರ್ಮನೆಂಟ್ ನೌಕ್ರಿ. ಮೂವತ್ತೆರಡು ಸಾವ್ರ ಸಂಬ್ಳ. ಬೀದಿಲಿ ಓಗೋರಿಗೆಲ್ಲ ಲಕ್ಷ ಲಕ್ಷ ಕೊಡ್ತೀರಿ, ದುಡ್ಯೋ ಮನುಷ್ಯನ್ಗೆ ಅದ್ನೈದಾ?"

ನನ್ನ ದನಿ ಜೋರಾಗಿತ್ತು. ಸರತಿಯಲ್ಲಿ ನಿಂತಿದ್ದವರು ತಿರುಗಿ ನೋಡಿದರು. ನೋಡಲಿ ಎಂದೇ ನಾನು ಜೋರಾಗಿ ಹೇಳಿದ್ದು. ನನ್ನ ಗಂಡನ ಬೆಲೆ ಎಷ್ಟು ಅಂತ ಅವರಿಗೂ ಗೊತ್ತಾಗಲಿ ಅನ್ನಿಸಿತ್ತು.

ಹುಡುಗಿ ಕಾರ್ಡಿನ ನಂಬರು ಹೊಡೆದಳು. ನನ್ನ ಫೋನಿಗೆ ಬಂದ ಒಟಿಪಿ ಕೇಳಿ ಅದನ್ನೂ ಹೊಡೆದಳು. ಆಮೇಲೆ ಪರದೆಯನ್ನು ನೋಡಿದಳು, ನನ್ನನ್ನು ನೋಡಿದಳು, ಕುರ್ಚಿಯನ್ನು ಹತ್ತಿರ ಎಳೆದುಕೊಂಡು ದನಿ ತಗ್ಗಿಸಿದಳು.

"ಮೇಡಂ, ಇವರು ಕೊಟ್ಟಿರೋ ಪೇ ಸ್ಲಿಪ್ ಕಂಪನೀದಲ್ಲ. ಲೇಬರ್ ಕಂಟ್ರಾಕ್ಟರ್‌ದು. ಹದಿನಾಲ್ಕು ಸಾವಿರ ಚಿಲ್ಲರೆ ಇದೆ. ಕಂಟ್ರಾಕ್ಟ್‌ನವರಿಗೆ ಇಷ್ಟೇ ಲಿಮಿಟ್ ಬರೋದು."

"ಹಳೇದು ಕೊಟ್ಬುಟ್ಟವ್ರೆ."

"ಹೋದ ತಿಂಗಳದು ಮೇಡಂ."

"ಸರ್ಯಾಗಿ ನೋಡಮ್ಮ."

ಅವಳು ಸರಿಯಾಗಿಯೇ ನೋಡಿದ್ದಳು. ಹೆಸರು ಅವರದೇ, ಅಪ್ಪನ ಹೆಸರು ಮಾವನದೇ. ಕೆಲಸ ಕೊಟ್ಟವರ ಹೆಸರಿರುವ ಜಾಗದಲ್ಲಿ ಮಾತ್ರ ದೇವರಾಜುವಿನದಿತ್ತು. "ಪರ್ಮನೆಂಟ್ ಆದಮೇಲೆ ಬನ್ನಿ ಮೇಡಂ, ಜಾಸ್ತಿ ಮಾಡಿಕೊಡೋಣ," ಎಂದಳು ಆ ಹುಡುಗಿ. ಕುಹಕದಿಂದಲ್ಲ, ಸಮಾಧಾನಕ್ಕೆಂದೇ ಹೇಳಿದ್ದು. ನನಗೆ ಮಾತ್ರ ಆ ಜನರೆದುರು ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ತಿಂಗಳಿಗೆ ಎಂಟು ಸಾವಿರ ಮನೆಗೆ ಕೊಟ್ಟು, ಮಿಕ್ಕಿದ್ದು ಸೈಟಿನ ಚೀಟಿಗೆ ಹೋಗುತ್ತದೆ ಎನ್ನುತ್ತಿದ್ದರು. ಆ ಸೈಟು ಎಲ್ಲಿದೆ ಎಂದು ಕೇಳಿದರೆ ಇನ್ನೂ ಅಳತೆ ಆಗಿಲ್ಲ ಎನ್ನುತ್ತಿದ್ದರು. ಆಯುಧಪೂಜೆಗೆ ಪರ್ಮನೆಂಟ್‌ನವರಿಗೆ ಕಂಪನಿ ಕೊಟ್ಟಿತೆಂದು ಹೋದ ವರ್ಷ ಒಂದು ಸ್ವೀಟ್ ಬಾಕ್ಸು, ಒಂದು ಸ್ಟೀಲಿನ ಹಾಟ್‌ಬಾಕ್ಸು ತಂದಿದ್ದರು. ನಾನು ಅದನ್ನು ಬೀದಿಗೆಲ್ಲ ತೋರಿಸಿದ್ದೆ. ಈ ಊರಿನ ಯಾವ ಪಾತ್ರೆ ಅಂಗಡಿಯಲ್ಲಿ ನಿಂತು, ಯಾವ ಮುಖ ಹೊತ್ತುಕೊಂಡು ಅದನ್ನು ಕೊಂಡಿರಬೇಕು! ಸಿಟ್ಟಿನ ಜೊತೆ ಒಂದು ಗಳಿಗೆ ಅಯ್ಯೋ ಪಾಪ ಎಂದೂ ಅನ್ನಿಸಿತು.

ಆಮೇಲೆ ಅವ್ವನ ದುಡ್ಡು ನೆನಪಾಯಿತು. ದೇವರಾಜು ಯಾರನ್ನೂ ಪರ್ಮನೆಂಟ್ ಮಾಡಿಸಿಲ್ಲ. ಹಸು ಮಾರಿದ ದುಡ್ಡು ಹೋಗುವುದೂ ನನ್ನ ಸರ ಹೋದ ಕಡೆಗೇ. ಸಿದ್ಧಾರ್ಥನಿಗೆ ಫೋನು ಮಾಡಿದೆ.

"ಅಕ್ಕ, ನಾನೇ ಮಾಡೋವ್ನಿದ್ದೆ!" ಅವನ ದನಿಯಲ್ಲಿ ಕುಣಿತವಿತ್ತು. "ಕಾರ್ಡಿನ ಇಚಾರ ಭಾವ ಬೆಳಿಗ್ಗೇನೇ ಯೋಳುದ್ರು. ಅವ್ರೇ ದೇವರಾಜಣ್ಣನ ತಾವ ಮಾತಾಡಿ ಒಪ್ಸವ್ರೆ. ಈಗ ಇರೋದ್ನ ಕೊಡೋದು, ಮಿಕ್ಕಿದ್ದು ಸಂಬ್ಳದಲ್ಲಿ ಇಡ್ಕೊಳೋದು. ದುಡ್ಡು ಎತ್ಕಂಡು ಒಂಟಿವ್ನಿ. ಊಟದ್ ಟೈಮ್ಗೆ ಭಾವನ್ ಜೊತೆ ಓಗಿ ಕೊಟ್ಬುಡೋದೇ."

"ಬರಬ್ಯಾಡ ಕಣೋ. ವಾಪಸ್ ಓಗು."

"ಆಂ? ಏನ್ ಕೇಳುಸ್ತಿಲ್ಲ ಕಣಕ್ಕ, ಗಾಡಿ ಮೇಲಿವ್ನಿ." ಕಟ್ಟಾಯಿತು. ಮತ್ತೆ ಮಾಡಿದೆ, ಎತ್ತಲಿಲ್ಲ. ಕೇಳಿದಷ್ಟು ಕೊಡುತ್ತೇನೆಂದು ಆಟೋ ಹತ್ತಿ ತಾಂಡ್ಯಕ್ಕೆ ಹೊರಟೆ.

ಆ ಫ್ಯಾಕ್ಟರಿಗೆ ದೊಡ್ಡ ಗೇಟೊಂದು, ಅದರ ಮಗ್ಗುಲಲ್ಲಿ ಒಬ್ಬರು ಬಗ್ಗಿ ಬರುವಂಥ ಸಣ್ಣ ಗೇಟೊಂದು. ಊಟದ ಸೈರನ್ ಆದಾಗ ನಾನು ದೊಡ್ಡದರ ಮುಂದೆ ನಿಂತಿದ್ದೆ. ನಮ್ಮನೆಯವರು ಬಂದದ್ದು ಸಣ್ಣದರಿಂದ. ನನ್ನನ್ನು ಕಂಡದ್ದೇ ಕಾಲು ನಿಂತಿತು. ನನ್ನ ಮುಖದಲ್ಲೇ ಎಲ್ಲವನ್ನೂ ಓದಿಕೊಂಡಿರಬೇಕು. ಬೇಲಿಯ ಹತ್ತಿರ ಬಂದು ತಲೆ ತಗ್ಗಿಸಿ ನಿಂತರು.

"ಎಲ್ರೀ ನಿಮ್ ಪರ್ಮನೆಂಟು?"

"ದೇವರಾಜು ಒಂದೊರ್ಸ ಕಾಯಿ ಅಂದ. ಆಮ್ಯಾಕೆ ಇನ್ನೊಂದೊರ್ಸ ಅಂದ. ಅಷ್ಟೊತ್ಗೆ ನಿನ್ ಸರ ಓಗ್ಬುಟ್ಟಿತ್ತು. ಅಪ್ಪ ಊರ್ಗೆಲ್ಲ ಯೋಳ್ಕಂಡ್ ಬಂದಿದ್ದ. ನಾನೇನಂತ ಯೋಳ್ಲಿ ನಯನ?"

"ನಂಗ್ ಮಾಡಿದ್ದು ಓಗ್ಲಿ. ನಮ್ಮವ್ವ ಏನ್ ಮಾಡಿದ್ಲು? ಸಿದ್ಧಾರ್ಥನ್ನ ಯಾಕ್ ತಂದ್ ಸಿಕ್ಕುಸ್ತಿದ್ದೀರಿ?"

ಅವರು ಬೇಲಿಯ ತಂತಿಯನ್ನು ಬೆರಳಲ್ಲಿ ಒತ್ತುತ್ತ ಹೇಳಿದರು. "ಒಬ್ರುನ್ನ ಕರ್ಕಂಬಾ, ಅವುನ್ ಜೊತೇಲೇ ನಿಂದೂ ಮಾಡುಸ್ತೀನಿ ಅಂದವ್ನೆ. ಈ ಸತಿ ಅಂಗಿಲ್ಲ. ಅವ್ರಮ್ಮನಾಣೆ ಇಟ್ಟವ್ನೆ."

ಆ ಮನುಷ್ಯನನ್ನು ನಾನು ಏಳು ವರ್ಷದಿಂದ ಮೆತ್ತನೆಯವರು, ಯಾರಿಗೂ ಕೇಡು ಬಯಸದವರು ಎಂದು ತಿಳಿದಿದ್ದೆ. ಮುಳುಗುವವನು ಕೈಗೆ ಸಿಕ್ಕವರ ಕೊರಳನ್ನೇ ಹಿಡಿಯುತ್ತಾನೆ. ನನ್ನ ತಮ್ಮನ ಕೊರಳು ಅವರ ಕೈಗೆ ಸಿಕ್ಕಿತ್ತು.

ಅಷ್ಟರಲ್ಲಿ ಸಿದ್ಧಾರ್ಥನ ಬೈಕು ಬಂತು. ದುಡ್ಡಿನ ಬ್ಯಾಗನ್ನು ಎದೆಗೆ ಅಡ್ಡ ಹಾಕಿಕೊಂಡಿದ್ದ. ಇಳಿಯುವುದಕ್ಕೂ ಬಿಡದೆ ಅವನ ರಟ್ಟೆ ಹಿಡಿದೆ.

"ದುಡ್ಡು ಕೊಡಬ್ಯಾಡ ಕಣೋ. ನಿಮ್ ಭಾವ ಪರ್ಮನೆಂಟೇ ಆಗಿಲ್ಲ. ದೇವರಾಜು ಎಲ್ರಿಗೂ ಟೋಪಿ ಆಕವ್ನೆ."

ಸಿದ್ಧಾರ್ಥ ನಕ್ಕ. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿ ಅವರ ಕಡೆ ತಿರುಗಿದ. "ಏನ್ ಭಾವ ಇದು?"

ಒಂದೇ ಒಂದು ಮಾತು ಸಾಕಿತ್ತು. ಹೌದು ಎನ್ನಬೇಕಿತ್ತು, ಅಷ್ಟೇ. ಅವರು ನೆಲ ನೋಡಿದರು, ನನ್ನನ್ನು ನೋಡಿದರು, ಕೊನೆಗೆ ಸಿದ್ಧಾರ್ಥನ ಎದೆಯ ಮೇಲಿದ್ದ ಬ್ಯಾಗನ್ನು ನೋಡಿದರು.

"ನಿಮ್ಮಕ್ಕುಂಗೆ ಆ ಕಾರ್ಡಿನ ಚಿಂತೇಲಿ ತಲೆ ಕೆಟ್ಟೋಗದೆ ಕಣಪ್ಪ," ಎಂದರು. "ರಾತ್ರಿಯಿಂದ್ಲೂ ಒಂದೇ ಸಮ. ಲಿಮಿಟ್ ಕಮ್ಮಿ ಕೊಟ್ರು ಅಂತ ಕಂಡೋರ್ನೆಲ್ಲ ಬೈಕಂಡು ತಿರುಗ್ತಾವ್ಳೆ. ಬೇಕಾರೆ ನಮ್ಮಪ್ಪನ್ನೇ ಕೇಳು."

ಪರ್ಸು ತಡಕಾಡಿ ಕಾರ್ಡು ತೆಗೆದು ತಮ್ಮನ ಮುಖಕ್ಕೆ ಹಿಡಿದೆ. "ಅದ್ನೈದೇ ಸಾವ್ರ ಯಾಕ್ ಕೊಟ್ಟವ್ರೆ ಗೊತ್ತೇನೋ? ಇವ್ರ ಸಂಬ್ಳ ಅದ್ನಾಲ್ಕು ಕಣೋ. ಬ್ಯಾಂಕ್‌ನಲ್ಲಿ ಈಗ ನೋಡ್ಕಂಡ್ ಬಂದೆ."

"ಒಸಾ ಕಾರ್ಡ್‌ಗೆ ಎಲ್ರಿಗೂ ಅಷ್ಟೇ ಅಂತೆ ಕಣಕ್ಕ. ಭಾವ ಆಗ್ಲೇ ಯೋಳುದ್ರು." ಅವನು ಹುಚ್ಚರನ್ನು ಸಮಾಧಾನ ಮಾಡುವಂತೆ ಮಾತಾಡುತ್ತಿದ್ದ. ನಾನು ಬ್ಯಾಗಿಗೆ ಕೈ ಹಾಕಿ ಎಳೆದೆ. ಆಗ ಅವನ ಮುಖ ಬಿಗಿಯಿತು. "ಬುಡಕ್ಕ! ನಿಂಗೇನು, ಮೂವತ್ತೆರಡು ಸಾವ್ರ ತರೋ ಗಂಡ ಅವ್ರೆ ಅಂತ ನರಸೀಪುರುಕ್ಕೆಲ್ಲ ಯೋಳ್ಕಂಡ್ ತಿರುಗ್ದೆ. ಅವ್ವುಂಗೆ ಯಾರವ್ರೆ? ನಾನೂ ಒಂದ್ ದಡ ಸೇರೋದು ನಿಂಗೆ ಇಷ್ಟ ಇಲ್ವಾ?"

ಕೈ ಸಡಿಲವಾಯಿತು. ಅದೇ ಹೊತ್ತಿಗೆ ನಮ್ಮನೆಯವರು ಹಿಂದಿನಿಂದ ನನ್ನ ಮಣಿಕಟ್ಟು ಹಿಡಿದರು. ಅವರು ನನ್ನನ್ನು ಅಷ್ಟು ಬಿಗಿಯಾಗಿ ಹಿಡಿದದ್ದು ಅದೇ ಮೊದಲು.

"ನೀ ನಡಿಯಪ್ಪ. ದೇವರಾಜಣ್ಣ ಆಫೀಸಲ್ಲೇ ಕಾಯ್ತಾವ್ನೆ. ಕೊಟ್ಟಿರು, ಇಂದ್ಲಿಂದ್ಲೇ ಬತ್ತೀನಿ."

ಬೈಕು ಹೊರಟಿತು. ನಾನು ಕೂಗಿದೆ, ಹಿಡಿದಿದ್ದ ಕೈಯನ್ನು ಕಚ್ಚಿದೆ, ಯಾರಾದರೂ ನಿಲ್ಲಿಸ್ರಪ್ಪ ಎಂದು ಅತ್ತೆ. ಟೀ ಅಂಗಡಿಯ ಮುಂದೆ ನಿಂತಿದ್ದವರು ಗಂಡ ಹೆಂಡಿರ ಜಗಳವೆಂದು ಮುಖ ತಿರುಗಿಸಿದರು. ಬೈಕು ತಿರುವು ದಾಟಿ ಕಣ್ಣಿಗೆ ಮರೆಯಾಗುವ ತನಕ ಅವರು ಕೈ ಬಿಡಲಿಲ್ಲ.

ಆಮೇಲೆ ಬಿಟ್ಟರು. ಹೆಬ್ಬೆರಳ ಬುಡದಲ್ಲಿ ನನ್ನ ಹಲ್ಲಿನ ಗುರುತು ಕೆಂಪಗೆ ಎದ್ದಿತ್ತು. ಅದನ್ನು ಅಂಗಿಗೆ ಒರೆಸಿಕೊಂಡು, ಕೆಳಗೆ ಬಿದ್ದಿದ್ದ ಕಾರ್ಡನ್ನು ಎತ್ತಿ, ಮಣ್ಣು ಕೊಡವಿ ನನ್ನ ಪರ್ಸಿನೊಳಗಿಟ್ಟರು.

"ಈ ಸತಿ ನಂದೂ ಆಯ್ತದೆ ಕಣೆ," ಎಂದರು. "ಆದ ತಕ್ಷಣ ಮೊದ್ಲು ಓಗಿ ಲಿಮಿಟ್ ಜಾಸ್ತಿ ಮಾಡುಸ್ಕೊಂಬತ್ತೀನಿ."

ಅವರ ಕಣ್ಣಲ್ಲಿ ನೀರಿತ್ತು. ಆ ಮಾತನ್ನು ಅವರು ನಿಜವಾಗಿಯೂ ನಂಬಿದ್ದರು.